ಗ್ರಂಥಾಲಯಕ್ಕೆ ಲಿನಕ್ಸ್ ತರುವುದು ಹೇಗೆ?

ಪ್ರಶ್ನೆ: ನಮ್ಮೂರ ಗ್ರಂಥಾಲಯದ ಹಳೆಯ ಕಂಪ್ಯೂಟರ್‌ಗಳಿಗೆ ಲಿನಕ್ಸ್ ಹಾಕಿ ಎಂದರೆ ಗ್ರಂಥಪಾಲಕರು ಹಿಂಜರಿಯುತ್ತಾರೆ. ಒಪ್ಪಿಸುವುದು ಹೇಗೆ?

ಉತ್ತರ: ಸ್ವತಂತ್ರ ತಂತ್ರಾಂಶದ ತತ್ತ್ವ ಹೇಳಲು ಹೋಗಬೇಡಿ, ಆಕಳಿಸುತ್ತಾರೆ. ಖರ್ಚಿನ ಮಾತೆತ್ತಿ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವನ್ನು ಕೇಳುತ್ತದೆ; ಹಳೆಯ ಯಂತ್ರಗಳಲ್ಲಿ ಅನೇಕವಕ್ಕೆ ಅದಿಲ್ಲ. ಚೆನ್ನಾಗಿ ಓಡುವ ಯಂತ್ರವನ್ನು ಗುಜರಿಗೆ ಹಾಕಬೇಕೇ ಎಂದು ಕೇಳಿ. ಆಮೇಲೆ ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಮಿಂಟ್ ಚಾಲೂ ಮಾಡಿ ತೋರಿಸಿ. ಹಾರ್ಡ್‌ಡಿಸ್ಕ್ ಮುಟ್ಟುವುದೇ ಬೇಡ.

'ಗ್ರಂಥಾಲಯಕ್ಕೆ ಇದೆಲ್ಲ ಆಗುತ್ತದೆಯೇ' ಎಂದರೆ ಕೋಹಾ ಎಂಬ ಗ್ರಂಥಾಲಯ ತಂತ್ರಾಂಶದ ಕತೆ ಹೇಳಿ. ನ್ಯೂಜಿಲೆಂಡಿನ ಹೊರೊಫೆನುವಾ ಗ್ರಂಥಾಲಯದ ಹಳೆಯ ತಂತ್ರಾಂಶ 2000ನೇ ಇಸವಿಯ ತಾರೀಕಿಗೆ ಎಡವುವುದರಲ್ಲಿತ್ತು. ಅವರು ಹೊಸದನ್ನೇ ಬರೆಸಿ ಜಗತ್ತಿಗೆ ಬಿಟ್ಟುಕೊಟ್ಟರು. ಮಾವೊರಿ ಭಾಷೆಯಲ್ಲಿ ಕೋಹಾ ಎಂದರೆ ಕಾಣಿಕೆ. ಇಂದಿಗೂ ಅದರ ಸರ್ವರ್‌ಗೆ ಲಿನಕ್ಸೇ ನೆಲೆ.

ನಿಜವಾದ ತೊಡಕು ಬೇರೆ ಕಡೆ ಇದೆ. ಯೂನಿಕೋಡ್ ಅಲ್ಲದ ಹಳೆಯ ನುಡಿ, ಬರಹ ತಂತ್ರಾಂಶಗಳ ಕಡತಗಳು ಆಯಾ ಫಾಂಟ್ ಇಲ್ಲದಿದ್ದರೆ ಗೋಜಲಾಗಿ ಕಾಣುತ್ತವೆ. ಅವನ್ನು ಮೊದಲೇ ಯೂನಿಕೋಡ್‌ಗೆ ಬದಲಿಸಿಕೊಡಿ. ಪ್ರಿಂಟರನ್ನೂ ಪರೀಕ್ಷಿಸಿ. ಶುರುವಿಗೆ ಒಂದೇ ಯಂತ್ರ ಸಾಕು, ಅದೂ ಪತ್ರಿಕೆ ಓದುವವರ ಪಕ್ಕದ್ದು.