ಕಚ್ಚಾ ಲೈಸೆನ್ಸಿನ ದಿನಗಣನೆ

ಊರ ಕಡೆ ಎಲ್.ಎಲ್.ಆರ್. ಎನ್ನುವ ಕಾಗದಕ್ಕೆ ನಮ್ಮ ಮುಂಬಯಿಯಲ್ಲಿ ‘ಕಚ್ಚಾ ಲೈಸೆನ್ಸು’ ಎಂದು ಹೆಸರು. ಹೆಸರು ಒಪ್ಪುವಂತಹದೇ. ಅದು ಹಣ್ಣಾಗುವುದಕ್ಕೂ ಇಷ್ಟು ದಿನ ಎಂದಿದೆ, ಕೊಳೆಯುವುದಕ್ಕೂ ಇಷ್ಟು ದಿನ ಎಂದಿದೆ. ಈ ಲೆಕ್ಕ ತಿಳಿಯದೆ ಬಂದ ಕೆಲಸವನ್ನು ಕಳೆದುಕೊಂಡ ತರುಣರು ನಮ್ಮ ಜನರಲ್ಲೇ ಇದ್ದಾರೆ. ಆದುದರಿಂದ ವಾಚಕರ ಮುಂದೆ ಈ ನಾಲ್ಕು ಮಾತು.

ಈಗ ನಡೆಯುತ್ತಿರುವುದು 1988ರ ಮೋಟಾರು ವಾಹನ ಕಾಯಿದೆ. 1939ರ ಹಳೆಯ ಕಾಯಿದೆಯ ಜಾಗಕ್ಕೆ ಅದು 1989ರ ಜುಲೈ 1ರಂದು ಬಂದಿತು. ಅದರ ನಿಯಮಗಳಂತೆ, ಕಚ್ಚಾ ಲೈಸೆನ್ಸು ಕೈಸೇರಿ 30 ದಿನ ತುಂಬುವವರೆಗೆ ವಾಹನ ನಡೆಸುವ ಪರೀಕ್ಷೆಗೆ ನಿಲ್ಲುವಂತಿಲ್ಲ. ಲೈಸೆನ್ಸಿನ ಆಯುಸ್ಸಾದರೋ 6 ತಿಂಗಳು.

ನಡುವೆ ಐದು ತಿಂಗಳಿದೆಯಲ್ಲ, ಅವಸರವೇನು ಎನ್ನುವವರು ನಪಾಸಾದವನ ಲೆಕ್ಕವನ್ನು ನೋಡಬೇಕು. ಒಮ್ಮೆ ತಪ್ಪಿದರೆ 7 ದಿನ ಕಳೆದ ಮೇಲೆ ಮತ್ತೆ ಪರೀಕ್ಷೆ. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲವೂ ತಪ್ಪಿದನೋ, ಅಲ್ಲಿಂದ 60 ದಿನ ಕೈಕಟ್ಟಿ ಕೂರಬೇಕು. 30, 7, 7, 60, ಕೂಡಿದರೆ 104. ಆರು ತಿಂಗಳ ಸುಮಾರು 180 ದಿನಗಳಲ್ಲಿ ಉಳಿಯುವುದು 76.

ಇದು ಕಾಗದದ ಮೇಲಿನ ಲೆಕ್ಕ ಮಾತ್ರ. ಏಳು ದಿನದ ಮೇಲೆ ಬರಬಹುದು ಎಂದು ಕಾಯಿದೆ ಹೇಳುತ್ತದೆಯೇ ಹೊರತು, ಎಂಟನೆಯ ದಿನ ಸರದಿ ಕೊಡುತ್ತೇವೆ ಎಂದು ಎಲ್ಲಿಯೂ ಹೇಳಿಲ್ಲ. ಪರೀಕ್ಷೆಯ ದಿನವನ್ನು ಮೊದಲೇ ಕಂಪ್ಯೂಟರಿನಲ್ಲಿ ಗೊತ್ತುಮಾಡಿಕೊಳ್ಳಬೇಕು. ಜನ ಹೆಚ್ಚಿರುವ ಕಚೇರಿಯಲ್ಲಿ ಒಂದೊಂದು ಸರದಿಗೂ ಎರಡು ಮೂರು ವಾರ ಹೋದರೆ ಆ 76 ದಿನ ಕರಗಲು ಎಷ್ಟು ಹೊತ್ತು?

ಕುಂದಾಪುರದ ಕಡೆಯ ಹುಡುಗನೊಬ್ಬ ಇಲ್ಲಿಯ ಒಂದು ಹೋಟೆಲಿನಲ್ಲಿದ್ದ. ಸಾಮಾನು ತರುವ ವ್ಯಾನಿಗೆ ಅವನನ್ನೇ ಡ್ರೈವರನನ್ನಾಗಿ ಮಾಡುವುದೆಂದು ಧಣಿಗಳು ಮಾತು ಕೊಟ್ಟಿದ್ದರು. ರಸ್ತೆಯಲ್ಲಿ ಅವನ ಕೈ ಚೆನ್ನಾಗಿಯೇ ಓಡುತ್ತಿತ್ತು. ಗಾಡಿಯನ್ನು ಹಿಂದಕ್ಕೆ ತೆಗೆಯುವಾಗ ಮಾತ್ರ ಎದೆ ಡವಡವ. ಮೂರು ಸಲವೂ ಅಲ್ಲಿಯೇ ಮುಗ್ಗರಿಸಿದ. ಅರವತ್ತು ದಿನ ವ್ಯಾನು ಸುಮ್ಮನೆ ನಿಂತೀತೆ? ಬೇರೆಯವನು ಬಂದ. ಹುಡುಗ ನಾಲ್ಕನೆಯ ಸಲ, ಆರು ತಿಂಗಳು ಮುಗಿಯಲು ಇನ್ನು ಹನ್ನೆರಡೇ ದಿನವಿದ್ದಾಗ ಪಾಸಾದ. ಆದರೆ ಪಾಸಾದವನಿಗೆ ಮತ್ತೆ ಅಡಿಗೆಮನೆಯೇ ಗತಿಯಾಯಿತು.

ಅವನಂಥವರಿಗೆ ಒಂದು ಅನುಕೂಲವೂ ಆಗಿದೆ. ಲಘು ವಾಹನದ ಲೈಸೆನ್ಸು ಇದ್ದವರು 7,500 ಕಿಲೋದೊಳಗಿನ ಬಾಡಿಗೆ ವಾಹನವನ್ನು ಬೇರೆ ಅನುಮತಿಯಿಲ್ಲದೆ ನಡೆಸಬಹುದೆಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಅದಕ್ಕೂ ಭಾರದ ಲಾರಿ ಬಸ್ಸುಗಳ ಕಚ್ಚಾ ಲೈಸೆನ್ಸಿಗೆ ಮಾತ್ರ ಲಘು ವಾಹನದ ಲೈಸೆನ್ಸು ಒಂದು ವರ್ಷ ಹಳೆಯದಾಗಿರಬೇಕು.

ಮೊದಲ ಮೂವತ್ತು ದಿನವನ್ನು ಸರಕಾರ ಕೊಟ್ಟದ್ದು ಕಲಿಯುವುದಕ್ಕೆ. ನಮ್ಮವರಲ್ಲಿ ಎಷ್ಟೋ ಮಂದಿ ಭಾನುವಾರಕ್ಕೊಮ್ಮೆ ಸ್ಟಿಯರಿಂಗ್ ಹಿಡಿದು, ಮೂವತ್ತೊಂದನೆಯ ದಿನ ಪರೀಕ್ಷೆಗೆ ಓಡುತ್ತಾರೆ. ಇನ್ನು ಕೆಲವರು ಮೇ ತಿಂಗಳಲ್ಲಿ ಊರು, ಆಮೇಲೆ ಮಳೆ, ಆಮೇಲೆ ಗಣಪತಿ ಎಂದು ತಳ್ಳಿ ಐದನೆಯ ತಿಂಗಳಲ್ಲಿ ಎಚ್ಚರಗೊಳ್ಳುತ್ತಾರೆ. ಎರಡನೆಯ ತಿಂಗಳೇ ಪ್ರಶಸ್ತವೆಂದು ನನ್ನ ಅಭಿಪ್ರಾಯ. ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರದಲ್ಲಿ 29 ಗಂಟೆಗಳ ಪಾಠ ಮುಗಿಸಿ ಅಲ್ಲಿಯೇ ಪಾಸಾದವರಿಗೆ ಕಚೇರಿಯ ಪರೀಕ್ಷೆಯಿಂದ ವಿನಾಯಿತಿ ಕೊಡುವ ನಿಯಮವೂ 2021ರ ಜುಲೈಯಿಂದ ಇದೆ. ಸಮೀಪದಲ್ಲಿ ಅಂಥ ಕೇಂದ್ರವಿದೆಯೇ ಎಂದು ಮೊದಲು ವಿಚಾರಿಸುವುದು ಲೇಸು.

ಹಳೆಯ ಪಕ್ಕಾ ಲೈಸೆನ್ಸನ್ನು ಟ್ರಂಕಿನಲ್ಲಿಟ್ಟು ಮರೆತ ಹಿರಿಯರೂ ಒಮ್ಮೆ ತಾರೀಖು ನೋಡಿಕೊಳ್ಳಲಿ. ಮುದ್ದತು ಮುಗಿದು ಒಂದು ವರ್ಷ ದಾಟಿದ್ದರೆ, 2019ರ ತಿದ್ದುಪಡಿಯ ಪ್ರಕಾರ ಅವರೂ ಮತ್ತೆ ಪರೀಕ್ಷೆಯ ಸರದಿಯಲ್ಲಿ ನಿಲ್ಲತಕ್ಕದ್ದು.