ಕಾಲಿನ ಸಣ್ಣ ಆಪರೇಷನ್ ಆದ್ಮೇಲೆ ‘ರೆಸ್ಟ್ ಮಾಡಿ’ ಅಂತಾರೆ. ಆ ರೆಸ್ಟ್ ಎಷ್ಟು ಜನರ ಕೈಗೆಟುಕುತ್ತೆ?

ಕಾಲಿನ ಹೆಬ್ಬೆರಳ ಉಗುರು ಮಾಂಸದೊಳಗೆ ಚುಚ್ಚಿಕೊಂಡು ಬೆಳೆಯುವುದು, ಅಂಗಾಲಲ್ಲಿ ಆಣಿ, ಗಾಜಿನ ಚೂರೋ ಮುಳ್ಳೋ ಒಳಗೇ ಉಳಿದು ಕೀವು ಕಟ್ಟುವುದು. ಇವಕ್ಕೆ ಮಾಡುವ ಆಪರೇಷನ್‌ಗೆ ಆಸ್ಪತ್ರೆಯ ಭಾಷೆಯಲ್ಲಿ ‘ಮೈನರ್ ಪ್ರೊಸೀಜರ್’ ಅಂತ ಹೆಸರು. ಮರಗಟ್ಟಿಸುವ ಇಂಜೆಕ್ಷನ್, ಅರ್ಧ ಗಂಟೆ ಕೆಲಸ, ಬ್ಯಾಂಡೇಜ್, ಆಟೋ, ಮನೆ. ಆದರೆ ಗಾಯ ಮಾಯೋಕೆ ಎರಡು ವಾರ ಬೇಕು, ಕೆಲವೊಮ್ಮೆ ಆರು ವಾರವೂ ಆಗುತ್ತೆ. ಅಂದ್ರೆ, ಚಿಕಿತ್ಸೆಯ ಬಹುಪಾಲು ನಡೆಯೋದು ಮನೆಯಲ್ಲಿ.

ಕಳೆದ ವರ್ಷ ನನ್ನ ಬಲಗಾಲಿನ ಉಗುರಿನ ಒಂದು ಅಂಚು ತೆಗೆಸಿಕೊಂಡಾಗ ಕೈಗೆ ಸಿಕ್ಕ ಚೀಟಿಯಲ್ಲಿ ಇದ್ದದ್ದು ಮೂರೇ ಸಾಲು, ಅದೂ ಇಂಗ್ಲಿಷ್‌ನಲ್ಲಿ: ರೆಸ್ಟ್ ಮಾಡಿ, ಕಾಲು ಎತ್ತರದಲ್ಲಿಡಿ, ಬ್ಯಾಂಡೇಜ್ ಒದ್ದೆ ಮಾಡಬೇಡಿ. ಇಂಜಿನಿಯರಿಂಗ್ ಓದಿದವನಿಗೆ ಮ್ಯಾನುಯಲ್ ಹುಡುಕುವ ಚಟ ಬಿಡಲ್ಲ. ಒಂದು ಮಿಕ್ಸಿ ಕೊಂಡ್ರೂ ಪುಸ್ತಕ ಕೊಡ್ತಾರೆ, ಕೊಯ್ದ ಪಾದಕ್ಕೆ ಮೂರು ಸಾಲು. ಹಾಗಾಗಿ ಆ ಮೂರು ಸಾಲನ್ನು ಬಿಡಿಸಿ ಹೇಳುವ ಪ್ರಯತ್ನ ಇದು. ನಿಮ್ಮ ವೈದ್ಯರು ಬೇರೆ ಹೇಳಿದ್ದರೆ ಅವರ ಮಾತೇ ಕೊನೆ.

ಮೊದಲ 48 ಗಂಟೆ: ಕಾಲು ಎದೆಗಿಂತ ಮೇಲೆ

ಓವರ್‌ಹೆಡ್ ಟ್ಯಾಂಕ್ ಇರುವ ಮನೆಯಲ್ಲಿ ಕೆಳಗಿನ ಮಹಡಿಯ ನಲ್ಲಿಯಲ್ಲಿ ನೀರು ಜೋರಾಗಿ ಬರುತ್ತೆ. ನಾವು ನಿಂತಾಗ ಪಾದದ ಸ್ಥಿತಿಯೂ ಹಾಗೇ. ಹೃದಯದಿಂದ ಪಾದದವರೆಗೆ ಸುಮಾರು 1.2 ಮೀಟರ್ ಎತ್ತರದ ರಕ್ತದ ಕಂಬ ಇರುತ್ತೆ. ಸುಮ್ಮನೆ ನಿಂತಿದ್ದರೆ ಪಾದದ ರಕ್ತನಾಳಗಳಲ್ಲಿ 90 ಮಿಲಿಮೀಟರ್ ಪಾದರಸದಷ್ಟು ಹೆಚ್ಚುವರಿ ಒತ್ತಡ. ಗಾಯ ಊದಿಕೊಳ್ಳೋದು, ‘ದಪ್ ದಪ್’ ಅಂತ ಬಡಿಯೋದು ಇದರಿಂದಲೇ.

ಕುರ್ಚಿ ಮೇಲೆ ಕೂತು ಸ್ಟೂಲ್ ಮೇಲೆ ಕಾಲಿಟ್ಟರೆ ಪೂರ್ತಿ ಪ್ರಯೋಜನ ಇಲ್ಲ, ಪಾದ ಆಗಲೂ ಎದೆಗಿಂತ ಕೆಳಗೇ ಇರುತ್ತೆ. ಮಲಗಿ, ಮೀನಖಂಡದ ಕೆಳಗೆ ಎರಡು ದಿಂಬು ಇಡಿ. ಮಂಚ ಇಲ್ಲದಿದ್ದರೆ ಚಾಪೆ, ಮಡಚಿದ ರಗ್ಗು ಸಾಕು. ಗಂಟೆಗೊಮ್ಮೆ ಪಾದವನ್ನು ಮೇಲೆ ಕೆಳಗೆ ಆಡಿಸಿ. ಆಗ ಮೀನಖಂಡದ ಸ್ನಾಯು ಪಂಪ್‌ನಂತೆ ರಕ್ತವನ್ನು ಮೇಲಕ್ಕೆ ತಳ್ಳುತ್ತೆ.

ಮರಗಟ್ಟಿಸಿದ್ದು ಕೆಲವು ಗಂಟೆಗಳಲ್ಲಿ ಇಳಿಯುತ್ತೆ. ನೋವು ತಾರಕಕ್ಕೆ ಹೋಗೋವರೆಗೂ ಕಾಯದೆ, ಕೊಟ್ಟ ಮಾತ್ರೆಯನ್ನು ಹೇಳಿದ ಹೊತ್ತಿಗೆ ತಗೊಳ್ಳಿ. ಪ್ಯಾರಾಸಿಟಮಾಲ್ ಆದರೆ ಆರೋಗ್ಯವಂತ ವಯಸ್ಕರಿಗೆ 24 ಗಂಟೆಯಲ್ಲಿ 4 ಗ್ರಾಂ, ಅಂದ್ರೆ 500 ಮಿಲಿಗ್ರಾಂನ 8 ಮಾತ್ರೆ, ಮೀರಲೇಬಾರದ ಮಿತಿ. ಲಿವರ್ ತೊಂದರೆ ಇರುವವರಿಗೆ, ದಿನವೂ ಕುಡಿಯುವವರಿಗೆ ಇದು ಇನ್ನೂ ಕಮ್ಮಿ. ಅಂಥವರು ಮೊದಲೇ ವೈದ್ಯರಿಗೆ ಹೇಳಬೇಕು.

ಬ್ಯಾಂಡೇಜ್ ಮೇಲೆ ಸ್ವಲ್ಪ ರಕ್ತ ಕಂಡರೆ ಗಾಬರಿ ಬೇಡ. ಜಾಸ್ತಿಯಾದರೆ ಕಾಲು ಎತ್ತಿಟ್ಟು, ಶುಭ್ರ ಬಟ್ಟೆಯಿಂದ 10ರಿಂದ 15 ನಿಮಿಷ ಒತ್ತಿಹಿಡಿಯಿರಿ. ಮಧ್ಯೆ ಮಧ್ಯೆ ತೆಗೆದು ನೋಡಬೇಡಿ. ಆಗಲೂ ನಿಲ್ಲದಿದ್ದರೆ ಆಸ್ಪತ್ರೆಗೆ ಹೊರಡಿ.

ಬ್ಯಾಂಡೇಜ್, ನೀರು, ಅರಿಶಿನ

ಮೊದಲ ಒಂದೆರಡು ದಿನ ಬ್ಯಾಂಡೇಜ್ ಒದ್ದೆಯಾಗಬಾರದು. ಸ್ನಾನಕ್ಕೆ ಪಾದಕ್ಕೆ ಪ್ಲಾಸ್ಟಿಕ್ ಕವರ್ ಹಾಕಿ, ಮೇಲೆ ಟೇಪ್ ಅಂಟಿಸಿ, ಸ್ಟೂಲ್ ಮೇಲೆ ಕೂತು ಆ ಕಾಲನ್ನು ಹೊರಗೆ ಚಾಚಿ. ಬಿಗಿಯಾದ ರಬ್ಬರ್ ಬ್ಯಾಂಡ್ ಬೇಡ.

ಆಮೇಲೆ ವೈದ್ಯರು ಹೇಳಿದಂತೆ ಡ್ರೆಸ್ಸಿಂಗ್ ಬದಲಿಸಬೇಕು. ಸೋಪಿನಲ್ಲಿ ಕೈ ತೊಳೆಯೋದು ಮೊದಲ ಹೆಜ್ಜೆ. ಬಟ್ಟೆ ಗಾಯಕ್ಕೆ ಅಂಟಿದ್ದರೆ ಎಳೆಯಬೇಡಿ, ಹೊಸ ಚರ್ಮವೂ ಕಿತ್ತು ಬರುತ್ತೆ. ಸಲೈನ್ ಹಾಕಿ ನೆನೆಸಿ ಬಿಡಿಸಿ. ಮೆಡಿಕಲ್ ಶಾಪ್‌ನಲ್ಲಿ ನಾರ್ಮಲ್ ಸಲೈನ್ ಬಾಟಲಿ ಸಿಗುತ್ತೆ. ಇಲ್ಲವಾದರೆ ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಮಟ್ಟ ಟೀಚಮಚ ಉಪ್ಪು, ದಿನಾ ಹೊಸದಾಗಿ. ಹೊಸ ಬ್ಯಾಂಡೇಜ್ ಕಟ್ಟಿದ ಮೇಲೆ ಬೆರಳು ಬಿಳಿಚಿದರೆ, ನೀಲಿಗಟ್ಟಿದರೆ, ಜೋಮು ಹಿಡಿದರೆ ಬಿಗಿ ಜಾಸ್ತಿಯಾಗಿದೆ ಅಂತ ಅರ್ಥ. ಸಡಿಲಿಸಿ.

ಅರಿಶಿನ, ಕಾಫಿ ಪುಡಿ, ಟೂತ್‌ಪೇಸ್ಟ್ ಯಾವುದೂ ಬೇಡ. ಅಜ್ಜಿಯ ಜ್ಞಾನಕ್ಕೆ ಅಗೌರವ ಅಲ್ಲ ಇದು. ಅಡುಗೆಮನೆ ಡಬ್ಬಿಯ ಅರಿಶಿನ ಕ್ರಿಮಿರಹಿತ ಅಲ್ಲ, ಅಷ್ಟೇ. ಗಾಯ ‘ಬುರ್’ ಅಂತ ನೊರೆ ಬಂದರೆ ಕ್ಲೀನಾಯ್ತು ಅಂತ ಹೈಡ್ರೋಜನ್ ಪೆರಾಕ್ಸೈಡ್ ಸುರಿಯೋರಿದ್ದಾರೆ. ಅದು ಮಾಯಲು ಬೇಕಾದ ಜೀವಕೋಶಗಳನ್ನೂ ಸುಡುತ್ತೆ.

ಇನ್ನು ‘ನಂಜು’. ಮೊಟ್ಟೆ, ಮೀನು, ಬದನೆಕಾಯಿ ತಿಂದ್ರೆ ಕೀವಾಗುತ್ತೆ ಅಂತ ತಿಳಿಸಾರಿನ ಪಥ್ಯಕ್ಕೆ ಕೂರಿಸುವ ಮನೆಗಳು ಬೇಕಾದಷ್ಟಿವೆ. ಕೀವಾಗೋದು ಬ್ಯಾಕ್ಟೀರಿಯಾದಿಂದ, ಬದನೆಕಾಯಿಯಿಂದಲ್ಲ. ಹೊಸ ಅಂಗಾಂಶ ಕಟ್ಟೋಕೆ ಪ್ರೋಟೀನ್ ಬೇಕು. ಮೊಟ್ಟೆ, ಮೀನು, ಬೇಳೆ, ಕಾಳು, ನಿಮ್ಮ ಮನೆಯಲ್ಲಿ ಏನು ತಿಂತೀರೋ ಅದನ್ನು ಇನ್ನೂ ಸ್ವಲ್ಪ ಹೆಚ್ಚೇ ತಿನ್ನಿ. ಮಕ್ಕಳ ತಟ್ಟೆಯ ಮೊಟ್ಟೆಗೂ ರಾಜಕೀಯ ಮಾಡುವ ರಾಜ್ಯ ನಮ್ಮದು. ಗಾಯಕ್ಕೆ ಆ ರಾಜಕೀಯ ಗೊತ್ತಿಲ್ಲ.

ಮುಂದೆ ತೆರೆದ ಚಪ್ಪಲಿ ಹಾಕಿ, ಬೆರಳು ಒತ್ತುವ ಶೂ ಬೇಡ. ಇಂಡಿಯನ್ ಟಾಯ್ಲೆಟ್‌ನಲ್ಲಿ ಕುಕ್ಕರಗಾಲಲ್ಲಿ ಕೂತರೆ ಭಾರವೆಲ್ಲ ಪಾದಕ್ಕೇ ಬೀಳುತ್ತೆ, ಸಾಧ್ಯವಿದ್ದರೆ ಕೆಲ ದಿನ ಕಮೋಡ್ ಬಳಸಿ. ಬೈಕ್‌ನಲ್ಲಿ ಹಿಂದಿನ ಬ್ರೇಕ್ ಬಲಗಾಲಿಗೆ, ಗೇರ್ ಎಡಗಾಲಿಗೆ. ನೋವಿಲ್ಲದೆ ಜೋರಾಗಿ ತುಳಿಯೋಕೆ ಆಗಲ್ಲ ಅಂದ್ರೆ ಬೈಕ್ ಹತ್ತಬೇಡಿ.

ಯಾವಾಗ ತಡಮಾಡಬಾರದು?

ಸಾಮಾನ್ಯವಾಗಿ ನೋವು ದಿನದಿಂದ ದಿನಕ್ಕೆ ಇಳಿಯಬೇಕು. ಇವುಗಳಲ್ಲಿ ಒಂದಾದರೂ ಕಂಡರೆ ಅದೇ ದಿನ ವೈದ್ಯರನ್ನು ನೋಡಿ:

- ಎರಡು ಮೂರು ದಿನದ ನಂತರ ನೋವು, ಊತ ಇಳಿಯುವ ಬದಲು ಏರುತ್ತಿದ್ದರೆ
- ಕೆಂಪು ಹರಡುತ್ತಿದ್ದರೆ, ಅಥವಾ ಕೆಂಪು ಗೆರೆ ಕಾಲಿನ ಮೇಲಕ್ಕೆ ಹೋಗುತ್ತಿದ್ದರೆ
- ಕೀವು, ದುರ್ವಾಸನೆ, ಚಳಿ ಜ್ವರ ಇದ್ದರೆ
- ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ (ಇದರ ಜೊತೆ ಎದೆನೋವು, ಉಸಿರು ಕಟ್ಟುವುದು ಬಂದರೆ 108ಕ್ಕೆ ಕರೆ ಮಾಡಿ)

ಸಕ್ಕರೆ ಕಾಯಿಲೆ ಇರುವವರಿಗೆ ಒಂದು ಮಾತು. ನಿಮ್ಮ ಪಾದದ ಸ್ಪರ್ಶಜ್ಞಾನ ಕಮ್ಮಿಯಾಗಿರಬಹುದು, ಹಾಗಾಗಿ ನೋವಿಲ್ಲ ಅಂದ ಮಾತ್ರಕ್ಕೆ ಸರಿಯಾಗಿದೆ ಅಂತ ಅಲ್ಲ. ದಿನಾ ಕಣ್ಣಿಂದ ನೋಡಬೇಕು. ಅಂಗಾಲಾದರೆ ಮೊಬೈಲ್‌ನಲ್ಲಿ ಫೋಟೋ ತೆಗೆದು ನಿನ್ನೆಯದಕ್ಕೆ ಹೋಲಿಸಿ. ಬಿಸಿನೀರಲ್ಲಿ ಕಾಲಿಡಲೇಬೇಡಿ. ಬೀಡಿ, ಸಿಗರೇಟು ರಕ್ತಸಂಚಾರ ಕುಗ್ಗಿಸಿ ಗಾಯ ಮಾಯೋದನ್ನು ತಡಮಾಡುತ್ತವೆ.

ಮ್ಯಾನುಯಲ್‌ನಲ್ಲಿ ಇಲ್ಲದ ಭಾಗ

ನಾನು ಐದು ದಿನ ಹಾಸಿಗೆಯಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಬರೆದೆ, ಸಂಬಳ ನಿಲ್ಲಲಿಲ್ಲ. ಅದೇ ಉಗುರು, ಅದೇ ಚೀಟಿ ಒಬ್ಬ ಡೆಲಿವರಿ ಹುಡುಗನ ಕೈಗೆ ಸಿಕ್ಕರೆ? ಆರ್ಡರ್ ಇಲ್ಲ ಅಂದ್ರೆ ದುಡ್ಡಿಲ್ಲ. ಮೂರು ಮನೆ ಪಾತ್ರೆ ತೊಳೆಯುವ ಅಕ್ಕನಿಗೆ ‘ಒದ್ದೆ ಮಾಡಬೇಡಿ’ ಅಂದ್ರೆ ‘ಕೆಲಸಕ್ಕೆ ಹೋಗಬೇಡಿ’ ಅಂತಲೇ ಅರ್ಥ. ಒಂದು ವಾರ ಹೋಗದಿದ್ದರೆ ಆ ಮನೆಗಳಲ್ಲಿ ಬೇರೆಯವರು ಬಂದಿರುತ್ತಾರೆ.

ಕಾನೂನು ಏನನ್ನುತ್ತೆ? 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ವರ್ಷಕ್ಕೆ 12 ದಿನದವರೆಗೆ ಸಂಬಳಸಹಿತ ಅನಾರೋಗ್ಯ ರಜೆಯ ಹಕ್ಕಿದೆ. ಬಟ್ಟೆ ಅಂಗಡಿಯ ಸೇಲ್ಸ್ ಹುಡುಗಿಗೂ ಇದೆ. ಇಎಸ್‌ಐ ವ್ಯಾಪ್ತಿಯಲ್ಲಿದ್ದು ತಿಂಗಳ ವೇತನ 21,000 ರೂಪಾಯಿ ಮೀರದಿದ್ದರೆ, ವಂತಿಗೆಯ ಷರತ್ತು ಪೂರೈಸಿದವರಿಗೆ ವರ್ಷದಲ್ಲಿ 91 ದಿನದವರೆಗೆ ವೇತನದ ಶೇ. 70ರಷ್ಟು ಸಿಗುತ್ತೆ. ಆದರೆ ಡೆಲಿವರಿ ಹುಡುಗನನ್ನು ಕಂಪನಿಗಳು ‘ಪಾರ್ಟ್ನರ್’ ಅನ್ನುತ್ತವೆ, ಹಾಗಾಗಿ ಎರಡೂ ಇಲ್ಲ. ಮನೆಗೆಲಸದವರಿಗೂ ಇಲ್ಲ.

2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರಿಗಾಗಿ ಕಾಯ್ದೆ ತಂದಿದೆ. ಕಾರ್ಮಿಕರಿಗೆ ಕೊಡುವ ಮೊತ್ತದ ಮೇಲೆ ಕಂಪನಿಗಳಿಂದ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ, ಅದಕ್ಕೊಂದು ಮಂಡಳಿ. ಒಳ್ಳೆಯ ಹೆಜ್ಜೆ. ಆದರೆ ಸತ್ತಾಗ, ಕೈಕಾಲು ಹೋದಾಗ ಸಿಗುವ ಪರಿಹಾರವಷ್ಟೇ ಸಾಮಾಜಿಕ ಭದ್ರತೆ ಅಲ್ಲ. ಐದು ದಿನ ಕಾಲು ಮೇಲಿಟ್ಟು ಮಲಗುವ ಭದ್ರತೆಯೂ ಅದರಲ್ಲಿ ಬರಬೇಕು. ಪಕ್ಕದ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ಕೆಲಸಗಾರರಿಗೆ ‘ಕೂರುವ ಹಕ್ಕು’ ಕೊಟ್ಟವು. ಕೇರಳದಲ್ಲಿ ಅದರ ಹಿಂದೆ ಇದ್ದದ್ದು ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳ ವರ್ಷಗಟ್ಟಲೆ ಹೋರಾಟ. ಪಾದದ ನೋವು ಕಾನೂನಾಗಬಲ್ಲದು ಅನ್ನೋದಕ್ಕೆ ಅದೇ ಸಾಕ್ಷಿ.

ಇನ್ನೊಂದು ಲೆಕ್ಕ ಮನೆಯೊಳಗಿನದು. ಡ್ರೆಸ್ಸಿಂಗ್ ಬದಲಿಸುವುದು, ಹಾಸಿಗೆಗೆ ಊಟ ತರುವುದು ಬಹುತೇಕ ಅಮ್ಮ, ಹೆಂಡತಿ, ಮಗಳ ಪಾಲಿಗೆ ಬೀಳುತ್ತೆ. ಆಪರೇಷನ್ ಆದವಳು ಅವಳೇ ಆಗಿದ್ದರೆ ಎರಡನೇ ದಿನವೇ ಒಲೆ ಮುಂದೆ ನಿಂತಿರುತ್ತಾಳೆ. ಇದಕ್ಕೆ ಸರ್ಕಾರಿ ಆದೇಶ ಬೇಕಿಲ್ಲ. ಮನೆಯ ಗಂಡಸರು ಅಡುಗೆ ಮಾಡಿದರೆ ಸಾಕು.

ಆಸ್ಪತ್ರೆಯಿಂದ ಹೊರಡುವ ಮುಂಚೆ ಮೂರು ವಿಷಯ ಕೇಳಿ ಪಡೆಯಿರಿ: ಸೂಚನೆಗಳನ್ನು ಕನ್ನಡದಲ್ಲಿ ಹೇಳಿಸಿಕೊಂಡು ಫೋನಲ್ಲಿ ರೆಕಾರ್ಡ್ ಮಾಡಿಕೊಳ್ಳುವುದು, ರಾತ್ರಿ ತೊಂದರೆಯಾದರೆ ಕರೆ ಮಾಡುವ ನಂಬರ್, ಮತ್ತು ಎಷ್ಟು ದಿನ ವಿಶ್ರಾಂತಿ ಅಂತ ತಾರೀಖಿನ ಸಮೇತ ಬರೆದ ಸರ್ಟಿಫಿಕೇಟ್. ಬಾಯಿಮಾತಿನ ‘ರೆಸ್ಟ್ ಮಾಡಿ’ಯನ್ನು ಯಾವ ಮಾಲೀಕರೂ ಒಪ್ಪಲ್ಲ. ತಾರೀಖು, ಸಹಿ, ಸೀಲು ಇದ್ದರೆ ರಜೆ ಕೇಳೋಕೆ ಕೈಯಲ್ಲಿ ಒಂದು ಕಾಗದವಾದರೂ ಇರುತ್ತೆ.