ಲಿಂಬಿ ಚೀಲಕ್ಕೆ ಬೆಲ್ಟ್ ಕಟ್ಟಿದ ದಿನ

ಮುದ್ದೇಬಿಹಾಳದಲ್ಲಿ ಲಗ್ನವಿತ್ತು. ಇಂಡಿಯಿಂದ ನಸುಕಿನಲ್ಲೇ ಹೊರಟಿದ್ದೆವು. ಆಯೇರಿಯ ಪಾತ್ರೆ, ಬಟ್ಟೆಗಂಟುಗಳಿಂದ ಡಿಕ್ಕಿ ತುಂಬಿಹೋಗಿ, ಪಾನಕಕ್ಕೆಂದು ಒಯ್ಯುತ್ತಿದ್ದ ಲಿಂಬಿಹಣ್ಣಿನ ಚೀಲಕ್ಕೆ ನನ್ನ ಪಕ್ಕದ ಸೀಟೇ ಗತಿಯಾಯಿತು. ಹಿಂದೆ ಕಾಕಾ, ಕಾಕಿ, ಅವ್ವ. ಊರು ದಾಟುವ ಮೊದಲೇ ಕಾರು ಕಿಣಿಕಿಣಿ ಎನ್ನತೊಡಗಿತು. ನಾನು ಬೆಲ್ಟ್ ಹಾಕಿಕೊಂಡಿದ್ದೆ, ಬಾಗಿಲೆಲ್ಲ ಮುಚ್ಚಿದ್ದವು. ಸದ್ದು ನಿಲ್ಲಲಿಲ್ಲ, ಇನ್ನಷ್ಟು ಬಿರುಸಾಯಿತು.

“ಲಿಂಬಿಹಣ್ಣಿಗೂ ಬೆಲ್ಟ್ ಕೇಳಾಕತ್ತೈತೇನೋ ತಮ್ಮಾ?” ಎಂದರು ಕಾಕಾ. “ಇಂಥಾ ಕಿರಿಕಿರಿ ಕಂಡುಹಿಡದಾವರ ಯಾರು?”

ಗಾಡಿ ಬದಿಗೆ ಹಾಕಿ ಚೀಲಕ್ಕೆ ಬೆಲ್ಟ್ ಕಟ್ಟಿದೆ. ಸದ್ದು ನಿಂತಿತು. ಕಾಕಾ ಕೇಳಿದ್ದು ಸಿಟ್ಟಿನಿಂದ. ಆದರೂ ಅದಕ್ಕೆ ಉತ್ತರವಿದೆ, ಬಹಳ ಜನರಿಗೆ ಗೊತ್ತಿಲ್ಲದ ಉತ್ತರ. ದಾರಿ ಉದ್ದವಿತ್ತು. ನನಗೆ ಗೊತ್ತಿದ್ದಷ್ಟನ್ನು ಹೇಳುತ್ತ ಹೋದೆ.

ಮುಂದಿನ ಸೀಟಿನ ಹಾಸಿನೊಳಗೆ ಭಾರ ಅರಿಯುವ ಒಂದು ತೆಳು ಪದರ ಇರುತ್ತದೆ. ಬಕಲ್ಲಿನೊಳಗೆ ಒಂದು ಸ್ವಿಚ್ಚು. ಭಾರ ಬಿದ್ದಿದೆ, ಬಕಲ್ಲು ಖಾಲಿ ಇದೆ ಎಂದಾದರೆ ಗಂಟೆ ಬಾರಿಸು: ಇಷ್ಟೇ ಅದಕ್ಕೆ ಕಲಿಸಿರುವ ಪಾಠ. ಕೂತದ್ದು ಮನುಷ್ಯನೋ, 2023ರಲ್ಲಿ ಭೌಗೋಳಿಕ ಸೂಚಕ ಪಡೆದ ಇಂಡಿಯ ಲಿಂಬಿಯೋ ಅದಕ್ಕೆ ತಿಳಿಯುವುದಿಲ್ಲ. ಈ ಗಂಟೆಯ ಹಿಂದೆ ಒಂದು ಪಟ್ಟಿ ಇದೆ, ಪಟ್ಟಿಯ ಹಿಂದೆ ಒಬ್ಬ ಮನುಷ್ಯ ಇದ್ದಾನೆ.

ಅವನ ಹೆಸರು ನಿಲ್ಸ್ ಬೊಹ್ಲಿನ್. ಸ್ವೀಡನ್ನಿನವನು, 1920ರಲ್ಲಿ ಹುಟ್ಟಿದವನು. ಸಾಬ್ ಕಂಪನಿಯಲ್ಲಿ ಯುದ್ಧವಿಮಾನದ ಪೈಲಟ್‌ಗಳಿಗೆ ಸೀಟು ಮಾಡುತ್ತಿದ್ದ. ಸಾಮಾನ್ಯ ಸೀಟಲ್ಲ, ವಿಮಾನ ಕೈಕೊಟ್ಟಾಗ ಪೈಲಟ್‌ನನ್ನು ಸೀಟಿನ ಸಮೇತ ಆಕಾಶಕ್ಕೆ ಚಿಮ್ಮಿಸುವ ಸೀಟು. ಅಷ್ಟು ರಭಸದಲ್ಲಿ ಮೈಯನ್ನು ಮುರಿಯದಂತೆ ಹಿಡಿಯುವುದು ಹೇಗೆಂಬುದು ಅವನಿಗೆ ಗೊತ್ತಿತ್ತು. 1958ರಲ್ಲಿ ವೋಲ್ವೊ ಅವನನ್ನು ಕರೆದುಕೊಂಡಿತು. ಕಾರುಗಳಲ್ಲಿ ಆಗಲೂ ಬೆಲ್ಟ್ ಇತ್ತು, ಆದರೆ ಹೆಚ್ಚಾಗಿ ಹೊಟ್ಟೆಯ ಮೇಲೆ ಅಡ್ಡ ಹಾಯುವ ಒಂದೇ ಪಟ್ಟಿ. ಗಾಡಿ ಗಕ್ಕನೆ ನಿಂತರೆ ಟೊಂಕದ ಮೇಲಿನ ಮೈಯೆಲ್ಲ ಮುಂದಕ್ಕೆ ಮಡಚಿಕೊಳ್ಳುತ್ತಿತ್ತು. ಪಟ್ಟಿ ಮೆತ್ತನೆಯ ಹೊಟ್ಟೆಯೊಳಗೆ ಕಚ್ಚಿ ಕರುಳನ್ನು ಗಾಯಗೊಳಿಸುತ್ತಿತ್ತು. ಕಾಪಾಡಬೇಕಾದದ್ದೇ ಕೊಲ್ಲುತ್ತಿತ್ತು.

ವಿಮಾನದಲ್ಲಿ ಬೊಹ್ಲಿನ್‌ಗೆ ಇಲ್ಲದ ಒಂದು ಕಷ್ಟ ಇಲ್ಲಿ ಎದುರಾಯಿತು. ಪೈಲಟ್‌ಗಳು ಜೀವ ಉಳಿಯುವುದಾದರೆ ಎಷ್ಟು ಪಟ್ಟಿ ಬೇಕಾದರೂ ಬಿಗಿಸಿಕೊಳ್ಳುತ್ತಿದ್ದರು. ಕಾರಿನಲ್ಲಿ ಕೂರುವ ಮಂದಿ ಒಂದು ನಿಮಿಷದ ಇಕ್ಕಟ್ಟನ್ನೂ ಸಹಿಸುವುದಿಲ್ಲ ಎಂದು ಅವನಿಗೆ ಬೇಗ ಅರಿವಾಯಿತು. ಹಾಗಾಗಿ ಅವನು ಹುಡುಕಿದ್ದು ಅತಿ ಬಲವಾದ ಪಟ್ಟಿಯನ್ನಲ್ಲ, ಜನ ಬೇಡವೆನ್ನಲಾರದಂಥ ಪಟ್ಟಿಯನ್ನು. ಒಂದೇ ಕೈಯಿಂದ ಹಾಕಿಕೊಳ್ಳಬೇಕು, ಒಂದೇ ಕೈಯಿಂದ ಬಿಚ್ಚಬೇಕು. ಟೊಂಕದ ಗಟ್ಟಿ ಎಲುಬನ್ನೂ ಎದೆಗೂಡನ್ನೂ ಹಿಡಿಯಬೇಕು, ಹೊಟ್ಟೆಯನ್ನು ಮುಟ್ಟಬಾರದು. ಬಕಲ್ಲು ಹೊಟ್ಟೆಯ ಮೇಲಿಂದ ಸರಿದು ಮಗ್ಗುಲಲ್ಲಿ, ಕೆಳಗೆ, ಕೂರಬೇಕು. ಒಂದು ಪಟ್ಟಿ ತೊಡೆಯ ಬುಡದಲ್ಲಿ, ಇನ್ನೊಂದು ಹೆಗಲಿನಿಂದ ಓರೆಯಾಗಿ, ಎರಡೂ ಒಂದೇ ಬಿಂದುವಿನಲ್ಲಿ ಕೂಡಬೇಕು. ಇಂದು ನಮ್ಮ ಕಾರುಗಳಲ್ಲಿರುವ ಬೆಲ್ಟ್ ಅದೇ. ಒಂದು ವರ್ಷದೊಳಗೆ ಮುಗಿದ ಕೆಲಸ. 1959ರ ಆಗಸ್ಟ್‌ನಲ್ಲಿ ಈ ಬೆಲ್ಟ್ ಇದ್ದ ಮೊದಲ ಕಾರು ಸ್ವೀಡನ್ನಿನಲ್ಲಿ ಮಾರಾಟಕ್ಕೆ ಹೋಯಿತು. 1962ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. ಆದರೆ ವೋಲ್ವೊ ಅದನ್ನು ತನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲಿಲ್ಲ. ಯಾವ ಕಂಪನಿ ಬೇಕಾದರೂ ಮಾಡಿಕೊಳ್ಳಲಿ ಎಂದು ಬಿಟ್ಟುಕೊಟ್ಟಿತು. ಕಾರಿನ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ದಾನ ನನಗೆ ಗೊತ್ತಿಲ್ಲ.

“ಹಂಗಾರ ಆತಲ್ಲ, ಬೆಲ್ಟ್ ಸಿಕ್ಕಿತು. ಒದರಾಟ ಯಾಕ?” ಕಾಕಾ ಬಿಡಲಿಲ್ಲ.

ಅಷ್ಟರಲ್ಲಿ ವಿಜಯಪುರ ಬಂತು, ಮನೆಗಳ ಮೇಲೆ ಗೋಳಗುಮ್ಮಟ ಎದ್ದು ಕಂಡಿತು. ಅದರ ಎತ್ತರ ಸುಮಾರು 51 ಮೀಟರು. ಅಲ್ಲಿಂದ ಬಿದ್ದದ್ದು ನೆಲ ಮುಟ್ಟುವಾಗ ಗಂಟೆಗೆ ಸುಮಾರು 114 ಕಿಲೋಮೀಟರ್ ವೇಗದಲ್ಲಿರುತ್ತದೆ. ಹೆದ್ದಾರಿಯಲ್ಲಿ ನಮ್ಮ ಹುಡುಗರು ಓಡಿಸುವುದು ಆ ವೇಗದಲ್ಲೇ. ಗುಮ್ಮಟದ ಅಂಚಿನಲ್ಲಿ ನಿಂತರೆ ಯಾರಿಗಾದರೂ ಕಾಲು ನಡುಗುತ್ತದೆ. ಅದೇ ವೇಗ ಸೀಟಿನಲ್ಲಿ ಕೂತವನಿಗೆ ಭಯ ಹುಟ್ಟಿಸುವುದಿಲ್ಲ, ಏಕೆಂದರೆ ಎತ್ತರ ಕಣ್ಣಿಗೆ ಕಾಣುತ್ತದೆ, ವೇಗ ಕಾಣುವುದಿಲ್ಲ. ಗಂಟೆ ಬಾರಿಸಬೇಕಾಗಿ ಬಂದದ್ದು ಇದಕ್ಕೇ.

1967ರಲ್ಲಿ ಬೊಹ್ಲಿನ್ ಸ್ವೀಡನ್ನಿನ 28,000 ಅಪಘಾತಗಳ ಲೆಕ್ಕ ಮುಂದಿಟ್ಟ. ಬೆಲ್ಟ್ ಹಾಕಿದವರಲ್ಲಿ ಗಂಟೆಗೆ ಸುಮಾರು 100 ಕಿಲೋಮೀಟರ್‌ಗಿಂತ ಕಡಿಮೆ ವೇಗದ ಅಪಘಾತಗಳಲ್ಲಿ ಒಬ್ಬರೂ ಸತ್ತಿರಲಿಲ್ಲ. ಹಾಕದವರು ತೀರ ಕಡಿಮೆ ವೇಗದಲ್ಲೂ ಸತ್ತಿದ್ದರು. ಇಷ್ಟಾದರೂ ಜನ ಹಾಕಲಿಲ್ಲ. ಅಮೆರಿಕದ ಸರ್ಕಾರ ಬಿಗಿ ಕ್ರಮಕ್ಕೆ ಮುಂದಾಯಿತು. 1974ರ ಮಾದರಿಯ ಕಾರುಗಳಲ್ಲಿ ಮುಂದೆ ಕೂತವರು ಬೆಲ್ಟ್ ಹಾಕದೆ ಎಂಜಿನ್ ಚಾಲೂ ಆಗುತ್ತಿರಲಿಲ್ಲ. ಆಗಲೂ ನಡೆದದ್ದು ನಮ್ಮ ಲಿಂಬಿ ಚೀಲದ ಕತೆಯೇ. ಸೀಟಿನ ಮೇಲೆ ಕಿರಾಣಿ ಚೀಲ ಇಟ್ಟರೆ ಗಾಡಿ ಮಿಸುಕುತ್ತಿರಲಿಲ್ಲ. ಜನ ರೊಚ್ಚಿಗೆದ್ದರು. ಅದೇ ವರ್ಷದ ಅಕ್ಟೋಬರಿನಲ್ಲಿ ಅಮೆರಿಕದ ಸಂಸತ್ತು ಆ ಬೀಗವನ್ನು ಕಡ್ಡಾಯ ಮಾಡಕೂಡದು ಎಂದಿತು. ಗಂಟೆಯನ್ನೂ 8 ಸೆಕೆಂಡಿಗಿಂತ ಹೆಚ್ಚು ಬಾರಿಸುವಂತೆ ಕಂಪನಿಗಳಿಗೆ ಹೇಳಕೂಡದು ಎಂದು ಕಾನೂನಿನಲ್ಲೇ ಬರೆಯಿತು. ಆ ಕಾನೂನನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. 8 ಸೆಕೆಂಡು ಎಂದರೆ ಕಾರು ಅಂಗಳದಿಂದ ಹೊರಗೆ ಬರುವಷ್ಟೂ ಹೊತ್ತಲ್ಲ.

ಮುಂದಿನ ಕಾಲು ಶತಮಾನ ಅಲ್ಲಿ ಗಂಟೆಯ ವಿಷಯ ಹೆಚ್ಚು ಅಲುಗಲಿಲ್ಲ. 2000ದ ಸುಮಾರಿಗೆ ಫೋರ್ಡ್ ಕಂಪನಿ ಬೇರೆ ಬಗೆಯ ಗಂಟೆ ಮಾಡಿತು. ಕೆಲವು ಸೆಕೆಂಡು ಬಾರಿಸಿ ಸುಮ್ಮನಾಗುವುದು, ಮತ್ತೆ ತುಸು ಬಿಟ್ಟು ಬಾರಿಸುವುದು, ಹೀಗೆ ಕೆಲವು ನಿಮಿಷ. ಬಿಡದೆ ಕಿರುಚುವುದಿಲ್ಲ, ಮರೆಯಲೂ ಬಿಡುವುದಿಲ್ಲ. ಮನೆಯಲ್ಲಿ ಅವ್ವ “ಔಷಧ ತಗೊಂಡ್ಯಾ?” ಎಂದು ಆಗಾಗ ಕೇಳುವಂತೆ. ಈ ಗಂಟೆ ಇಲ್ಲದ ಕಾರುಗಳಲ್ಲಿ ಬೆಲ್ಟ್ ಹಾಕುವವರು 100ರಲ್ಲಿ 71, ಇದ್ದ ಕಾರುಗಳಲ್ಲಿ 76 ಎಂಬುದನ್ನು ಎಣಿಸಿ ನೋಡಿದರು. ಬೀಗದಿಂದ ಆಗದ್ದು ನೆನಪಿನಿಂದ ಆಯಿತು. ಬೊಹ್ಲಿನ್ 2002ರಲ್ಲಿ ತೀರಿಕೊಂಡ.

ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಿಗೆಲ್ಲ ಈ ಗಂಟೆ ಬಂತು. ಜೊತೆಗೆ ಚಾಲಕನ ಏರ್‌ಬ್ಯಾಗು, ಹಿಂದಕ್ಕೆ ಸರಿಯುವಾಗ ಕೂಗುವ ಸೆನ್ಸರು, 80 ಕಿಲೋಮೀಟರ್ ದಾಟಿದಾಗ ಆಗಾಗ ಎಚ್ಚರಿಸುವ, 120 ದಾಟಿದರೆ ನಿಲ್ಲದೆ ಕೂಗುವ ಸದ್ದು. ಗಂಟೆ ಬಂದ ಬೆನ್ನಲ್ಲೇ ಅದರ ಬಾಯಿ ಮುಚ್ಚಿಸುವ ಕ್ಲಿಪ್ಪೂ ಅಂಗಡಿಗೆ ಬಂತು: ಬಕಲ್ಲಿಗೆ ತುರುಕುವ ಒಂದು ಕಬ್ಬಿಣದ ನಾಲಿಗೆ, ಅಷ್ಟೇ. ಬಾಟಲಿ ಓಪನರ್, ಸಿಗರೇಟ್ ಲೈಟರ್ ಎಂಬ ಹೆಸರಲ್ಲೂ ಮಾರಿದರು. 2023ರ ಮೇನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ ಆದೇಶದಿಂದ ಆನ್‌ಲೈನ್ ಅಂಗಡಿಗಳು ಇಂಥ 13,118 ಮಾರಾಟದ ಪುಟಗಳನ್ನು ತೆಗೆದುಹಾಕಬೇಕಾಯಿತು. ಬೆಲ್ಟ್ ಹಾಕದ ಕಾರಣಕ್ಕೆ 2022ರಲ್ಲಿ ದೇಶದಲ್ಲಿ ಸತ್ತವರು 16,715. ಅವರಲ್ಲಿ ಸರಿಸುಮಾರು ಅರ್ಧದಷ್ಟು ಜನ ಚಾಲಕರಲ್ಲ, ಜೊತೆಗೆ ಕೂತವರು.

2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಸೂರ್ಯಾ ನದಿಯ ಸೇತುವೆಗೆ ಕಾರು ಅಪ್ಪಳಿಸಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡರು. ಮುಂದೆ ಕೂತ ಇಬ್ಬರು ಗಾಯಗೊಂಡು ಬದುಕಿದರು. ಹಿಂದೆ ಬೆಲ್ಟ್ ಇಲ್ಲದೆ ಕೂತಿದ್ದ ಮಿಸ್ತ್ರಿ ಮತ್ತು ಇನ್ನೊಬ್ಬರು ಉಳಿಯಲಿಲ್ಲ. ಬೆಲೆಬಾಳುವ ಕಾರು, ಏರ್‌ಬ್ಯಾಗುಗಳು, ಎಲ್ಲ ಇತ್ತು. ಏರ್‌ಬ್ಯಾಗು ಕಣ್ಣು ಮಿಟುಕಿಸುವುದರೊಳಗೆ ಉಬ್ಬುತ್ತದೆ, ಆದರೆ ಮೈಯನ್ನು ಜಾಗದಲ್ಲಿ ಹಿಡಿಯುವ ಕೆಲಸ ಅದರದ್ದಲ್ಲ, ಬೆಲ್ಟಿನದು. ಹಿಂದಿನ ಸೀಟಿಗೂ ಗಂಟೆ ಬೇಕೆಂಬ ಕರಡು ನಿಯಮ ದೆಹಲಿಯಿಂದ ಹೊರಟದ್ದು ಅದೇ ತಿಂಗಳು.

ಇಲ್ಲಿಯವರೆಗೆ ಹೇಳಿದಾಗ ಕಾಕಾ ಸುಮ್ಮನಿದ್ದರು. ಹೆದ್ದಾರಿಗೆ ಬಂದಿದ್ದೆವು. 80 ದಾಟಿತು, ಸದ್ದು ಬಂತು. ಈ ಸಲ ಅವರು ಬೈಯಲಿಲ್ಲ.

ಇನ್ನೊಂದು ಕತೆ ಹೇಳಿದೆ, ಗಾಡಿ ಜಾರುವುದರ ಬಗ್ಗೆ. 1989ರ ಚಳಿಗಾಲದಲ್ಲಿ ಮರ್ಸಿಡಿಸ್ ಕಂಪನಿಯ ಯುವ ಎಂಜಿನಿಯರ್ ಫ್ರಾಂಕ್ ವರ್ನರ್ ಮೋನ್ ಸ್ವೀಡನ್ನಿನ ಹಿಮದ ರಸ್ತೆಯಲ್ಲಿ ಪರೀಕ್ಷೆಯ ಕಾರನ್ನು ಹಳ್ಳಕ್ಕೆ ಇಳಿಸಿಬಿಟ್ಟ. ಎಳೆಯುವ ಗಾಡಿ ಬರುವತನಕ ಕಾಯುತ್ತ ಕೂತ. ಬ್ರೇಕ್ ಒತ್ತಿದಾಗ ಗಾಲಿ ಬಿಗಿದು ನಿಲ್ಲದಂತೆ ನೋಡುವ ಎಬಿಎಸ್ 1978ರಿಂದಲೇ ಇತ್ತು, ಪ್ರತಿ ಗಾಲಿಯ ವೇಗ ಅದಕ್ಕೆ ಗೊತ್ತು. ಕಾರು ಮೂತಿ ತಿರುಗಿಸಿ ಸುತ್ತತೊಡಗಿದೆ ಎಂಬುದೂ ಅದಕ್ಕೆ ತಿಳಿದರೆ, ಒಂದೇ ಒಂದು ಗಾಲಿಗೆ ಬ್ರೇಕ್ ಕೊಟ್ಟು ಕಾರನ್ನು ದಾರಿಗೆ ತರಬಹುದಲ್ಲ? ಸುತ್ತುವುದನ್ನು ಅಳೆಯಲು ಅವರ ತಂಡ ಮೊದಲಿಗೆ ಬಳಸಿದ್ದು ಆಟಿಕೆ ಹೆಲಿಕಾಪ್ಟರಿನ ಗೈರೋಸ್ಕೋಪು. ಬಾಷ್ ಕಂಪನಿಯೊಡನೆ ಸೇರಿ 1995ರಲ್ಲಿ ಈ ವ್ಯವಸ್ಥೆಯನ್ನು ಮಾರುಕಟ್ಟೆಗೆ ತಂದರು. ಎಬಿಎಸ್ ಕೆಲಸ ಮಾಡುವಾಗ ಪೆಡಲ್ ಕಾಲಡಿಯಲ್ಲಿ ಕಟಕಟ ನಡುಗುತ್ತದೆ. ಗೊತ್ತಿಲ್ಲದವರು ಬೆದರಿ ಕಾಲು ತೆಗೆಯುತ್ತಾರೆ. ತೆಗೆಯಬಾರದು, ಒತ್ತಿಯೇ ಹಿಡಿಯಬೇಕು. ಗಾಡಿ ಮಾರುವವರು ಕೀಲಿ ಕೈಗಿಡುವ ದಿನ ಖಾಲಿ ಮೈದಾನದಲ್ಲಿ ಒಂದು ಸಲ ಇದನ್ನು ಮಾಡಿಸಿ ತೋರಿಸಬೇಕು ಎಂಬುದು ನನ್ನ ಬಹುದಿನದ ಆಸೆ.

ಎಲ್ಲ ಕಿರಿಕಿರಿಯೂ ನಮ್ಮ ತಪ್ಪಿನಿಂದಲೇ ಅಲ್ಲ. ಈಚಿನ ಕಾರುಗಳ ಕನ್ನಡಿಯ ಹಿಂದೆ ಕ್ಯಾಮೆರಾ ಇರುತ್ತದೆ. ರಸ್ತೆಯ ಬಿಳಿ ಗೆರೆ ಹುಡುಕುತ್ತದೆ, ಮುಂದಿನ ಗಾಡಿ ಗುರುತಿಸುತ್ತದೆ, ಅಗತ್ಯ ಬಿದ್ದರೆ ತಾನೇ ಬ್ರೇಕ್ ಹಾಕುತ್ತದೆ. ಸಿಂದಗಿ, ಇಂಡಿಯ ಒಳದಾರಿಗಳಲ್ಲಿ ಎಷ್ಟೋ ಕಡೆ ಗೆರೆಯೇ ಇಲ್ಲ. ಕಬ್ಬಿನ ಹಂಗಾಮಿನಲ್ಲಿ ಮರಗೂರಿನ ಕಾರ್ಖಾನೆಯ ಕಡೆ ಹೊರಟ ಟ್ರ್ಯಾಕ್ಟರ್‌ಗಳು ಎರಡೆರಡು ಟ್ರೇಲರ್ ಎಳೆಯುತ್ತವೆ. ಕಬ್ಬು ಹಿಂದಕ್ಕೂ ಮಗ್ಗುಲಿಗೂ ಚಾಚಿರುತ್ತದೆ, ಹಿಂದೀಪ ಇದ್ದರೂ ಸೋಗೆಯಲ್ಲಿ ಮುಚ್ಚಿಹೋಗಿರುತ್ತದೆ. ಕ್ಯಾಮೆರಾ ಕಲಿತ ಆಕಾರವನ್ನಷ್ಟೇ ಗುರುತಿಸಬಲ್ಲದು, ಅದರ ಪಾಠಶಾಲೆ ಬಹುಕಾಲ ಜರ್ಮನಿಯಂಥ ದೇಶಗಳ ರಸ್ತೆಯಾಗಿತ್ತು. ಇದನ್ನು ಕಂಡ ಹೈದರಾಬಾದಿನ ಐಐಐಟಿಯ ಸಂಶೋಧಕರು ಕಾರಿಗೆ ಕ್ಯಾಮೆರಾ ಕಟ್ಟಿ ಹೈದರಾಬಾದು, ಬೆಂಗಳೂರು ಮತ್ತು ಅವುಗಳ ಹೊರವಲಯ ಸುತ್ತಿದರು. ಸುಮಾರು 10,000 ಚಿತ್ರಗಳಲ್ಲಿ ಆಟೊ, ದನ, ನಡೆಯುವವರು ಎಲ್ಲರ ಅಂಚನ್ನೂ ಗುರುತು ಹಾಕಿ 2018ರಲ್ಲಿ ಜಗತ್ತಿನ ಮುಂದಿಟ್ಟರು. ಡಾಂಬರಿನ ಅಂಚಿಗೆ ಗಾಡಿ ಇಳಿಸಬಹುದಾದ ಮಣ್ಣಿನ ಪಟ್ಟಿಗೂ ಅವರು ಬೇರೆ ಹೆಸರು ಕೊಟ್ಟರು. ಆ ಪಟ್ಟಿ ನಮ್ಮಲ್ಲಿ ರಸ್ತೆಯ ಅರ್ಧ ಬದುಕು. ಎದುರಿನ ಬಸ್ಸಿಗೆ ದಾರಿ ಬಿಡುವುದು, ಕುರಿಹಿಂಡಿಗೆ ಸರಿಯುವುದು ಎಲ್ಲ ಅಲ್ಲೇ. ಅದನ್ನು ಯಂತ್ರಕ್ಕೆ ಕಲಿಸಬೇಕು ಎಂದು ಹೊಳೆದದ್ದನ್ನು ನಾನು ಬೊಹ್ಲಿನ್‌ನ ಬಕಲ್ಲಿನ ಜೊತೆಗೇ ಇಡುತ್ತೇನೆ. ಕಬ್ಬಿನ ಟ್ರೇಲರಿನ ಬೆನ್ನನ್ನು ಇರುಳಿನಲ್ಲಿ ಗುರುತಿಸುವ ಪಾಠ ಯಾರಾದರೂ ನಮ್ಮ ಕಡೆಗೇ ಬಂದು ಬರೆಯಬೇಕಿದೆ. ಅಲ್ಲಿಯವರೆಗೆ ಟ್ರೇಲರಿನ ಹಿಂದೆ ಕೆಂಪು ರೇಡಿಯಂ ಪಟ್ಟಿ ಅಂಟಿಸಿದರೆ ಮನುಷ್ಯನ ಕಣ್ಣಿಗಾದರೂ ಕಾಣುತ್ತದೆ.

ಮನಗೂಳಿ ಹತ್ತಿರ ಚಹಾಕ್ಕೆ ನಿಲ್ಲಿಸಿದೆವು. 2025ರ ಮೇ 21ರ ಮುಂಜಾನೆ ಇಲ್ಲೇ, ಬಸವನ ಬಾಗೇವಾಡಿ ತಾಲೂಕಿನ ಈ ಹೆದ್ದಾರಿಯಲ್ಲಿ, ಒಂದು ಕಾರು ಡಿವೈಡರ್ ದಾಟಿ ಎದುರಿನ ಖಾಸಗಿ ಬಸ್ಸಿಗೆ ಬಡಿದು ಆರು ಜನ ಸತ್ತಿದ್ದರು. ನಾನು ಅದರ ಮಾತೆತ್ತಲಿಲ್ಲ. ಕಾಕಾನೇ ರಸ್ತೆಯ ಆಚೆ ನೋಡುತ್ತ, “ಇಲ್ಲೇ ಅಲ್ಲೇನು?” ಎಂದರು. ಹೌದೆಂದೆ.

ಚಹಾ ಕುಡಿದು ಒಳಗೆ ಕೂತ ಕಾಕಾ ತಮ್ಮ ಮಗ್ಗುಲನ್ನು ತಡವತೊಡಗಿದರು. ಹೆಗಲ ಮೇಲಿನ ಪಟ್ಟಿ ಕೈಗೆ ಬಂತು, ಸಿಕ್ಕಿಸಲು ಬಕಲ್ಲಿಲ್ಲ. ಕಾರು ತಂದ ವಾರವೇ ಹಾಕಿಸಿದ್ದ ರೆಕ್ಸಿನ್ ಕವರು ಹಿಂದಿನ ಸೀಟನ್ನು ಪೂರ್ತಿ ಹೊದ್ದುಕೊಂಡಿತ್ತು. ಬಕಲ್ಲುಗಳು ಅದರಡಿಯಲ್ಲಿ ಹೂತುಹೋಗಿದ್ದವು. ಆರು ವರ್ಷದಲ್ಲಿ ಒಂದು ದಿನವೂ ನನ್ನ ಲಕ್ಷ್ಯಕ್ಕೆ ಬಂದಿರಲಿಲ್ಲ. ಮುಂದೆ ಲಿಂಬಿ ಚೀಲಕ್ಕೆ ಬೆಲ್ಟ್ ಕಟ್ಟಿ, ಹಿಂದೆ ಅವ್ವನನ್ನು ಹಾಗೇ ಕೂರಿಸಿಕೊಂಡು ನೂರಕ್ಕೂ ಹೆಚ್ಚು ಕಿಲೋಮೀಟರ್ ದಾರಿಗೆ ಹೊರಟಿದ್ದೆ.

ಚಹಾದಂಗಡಿಯವರಿಂದ ಚಾಕು ತಂದು ಹೊಲಿಗೆ ಬಿಚ್ಚಿದೆ. ಕಾಕಾ ಸಂದಿಯೊಳಗೆ ಕೈ ಹಾಕಿ ಶೇಂಗಾ ಸಿಪ್ಪೆ, ಮೊಮ್ಮಕ್ಕಳು ಕಳೆದುಕೊಂಡ ಒಂದು ಪೆನ್ಸಿಲ್ಲು, ಒಂದು ರೂಪಾಯಿಯ ನಾಣ್ಯ ತೆಗೆದರು. ಆಮೇಲೆ ಬಕಲ್ಲು ಬಂತು, ಒಂದು ಸಲವೂ ಬಳಸದೆ ಹೊಸದರಂತೆ ಹೊಳೆಯುತ್ತಿತ್ತು. ಮೊದಲು ಅವ್ವನದನ್ನು ಹಾಕಿದರು, ಆಮೇಲೆ ಕಾಕಿಯದು, ಕಡೆಗೆ ತಮ್ಮದು. ಮೂರು ಸಲ ಟಕ್ ಎಂದಿತು.

“ನಡಿ ಈಗ,” ಎಂದರು.